ಪರದೆಯಿಲ್ಲದ ಪೈ ಬೋರ್ಡ್‌ನ ವಿಳಾಸ ಹುಡುಕಲು ಎನ್‌ಮ್ಯಾಪ್: ನಾಲ್ಕು ವರ್ಷ ಬಳಸಿದ ಮೇಲೆ

ಹಸಿರು ದೀಪ ಮಿನುಗುತ್ತಿರುತ್ತದೆ, ಬೋರ್ಡ್‌ಗೆ ಜೀವವಿದೆ ಎಂದು ಗೊತ್ತು. ಆದರೆ ನಿನ್ನ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಅಂಕಿ) ಏನು ಎಂದು ಕೇಳಲು ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ನನ್ನ ಎರಡು ರಾಸ್ಪ್‌ಬೆರಿ ಪೈಗಳು, ಅಂದರೆ ಅಂಗೈಯಗಲದ ಕಂಪ್ಯೂಟರ್‌ಗಳು, ಹೀಗೆ ಕಪಾಟಿನ ಮೇಲೆ ಮೂಕವಾಗಿ ಕೂತು ನಾಲ್ಕು ವರ್ಷವಾಯಿತು. ಒಂದರಲ್ಲಿ ಕಡತಗಳಿವೆ, ಇನ್ನೊಂದು ತಾಪಮಾನ ಬರೆದಿಡುತ್ತದೆ.

ಅದಕ್ಕೂ ಮೊದಲು, ಜಾಲದಲ್ಲಿರುವ ಯಂತ್ರಗಳನ್ನು ಹುಡುಕುವ ಎನ್‌ಮ್ಯಾಪ್‌ನ ಅಗತ್ಯವೇ ಬಿದ್ದಿರಲಿಲ್ಲ. ಇದ್ದದ್ದು ಒಂದೇ ಬೋರ್ಡ್. ರಾಸ್ಪ್‌ಬೆರಿಪೈ ಡಾಟ್ ಲೋಕಲ್ ಎಂದು ಕರೆದರೆ ಓಗೊಡುತ್ತಿತ್ತು. ಎರಡನೆಯದು ಬಂದಾಗ ಅದಕ್ಕೂ ಅದೇ ಹೆಸರು ಬಿಟ್ಟೆ, ಸೋಮಾರಿತನ ನನ್ನದೇ. ಅಲ್ಲಿಂದ ಶುರುವಾಯಿತು ಪಜೀತಿ. ವಿದ್ಯುತ್ ಹೋಗಿ ಬಂದಾಗ ಮೊದಲು ಎದ್ದದ್ದಕ್ಕೆ ಹೆಸರು ದಕ್ಕುತ್ತದೆ, ತಡವಾಗಿ ಎದ್ದದ್ದರ ಹೆಸರಿನ ಕೊನೆಗೆ 2 ಅಂಟಿಕೊಳ್ಳುತ್ತದೆ. ಕಡತ ಅಳಿಸಲು ಒಳಹೊಕ್ಕು ನೋಡಿದರೆ ನಾನು ನಿಂತದ್ದು ತಾಪಮಾನದ ಬೋರ್ಡ್‌ನಲ್ಲಿ.

ಆಗ ಹಿಡಿದದ್ದು ಎನ್‌ಮ್ಯಾಪ್, 1997ರಿಂದ ಇರುವ ಉಚಿತ ತಂತ್ರಾಂಶ. ಯಂತ್ರಗಳನ್ನಷ್ಟೇ ಹುಡುಕುವ ಎಸ್‌ಎನ್ (-sn) ಆಯ್ಕೆ ಕೊಟ್ಟು 192.168.1.0/24 ಎಂದು ಬರೆದರೆ ಆ ಶ್ರೇಣಿಯ 256 ವಿಳಾಸಗಳನ್ನೂ ತಟ್ಟಿ, ಯಾವುವು ಎಚ್ಚರವಾಗಿವೆ ಎಂದು ಕೆಲವೇ ಸೆಕೆಂಡುಗಳಲ್ಲಿ ಹೇಳುತ್ತದೆ. ಮೊದಲ ಸಲ ಬಂದದ್ದು ಬರೀ ಅಂಕಿಗಳ ಪಟ್ಟಿ. ಫೋನ್ ಯಾವುದು, ಪ್ರಿಂಟರ್ ಯಾವುದು, ಪೈ ಯಾವುದು? ಲಿನಕ್ಸ್‌ನಲ್ಲಿ ಸುಡೊ (ನಿರ್ವಾಹಕರ ಅಧಿಕಾರ ಕೊಡುವ ಆಜ್ಞೆ) ಸೇರಿಸದೆ ಓಡಿಸಿದರೆ ಅದು 80 ಮತ್ತು 443ನೇ ಪೋರ್ಟ್‌ಗಳನ್ನು, ಅಂದರೆ ವೆಬ್‌ಗೆ ಮೀಸಲಾದ ಬಾಗಿಲುಗಳನ್ನು, ಮಾತ್ರ ಕೆಣಕಿ ನೋಡುತ್ತದೆ. ಸುಡೊ ಇದ್ದರೆ ಎಆರ್‌ಪಿ (ಈ ಐಪಿ ಯಾರದು ಎಂದು ಸ್ಥಳೀಯ ಜಾಲದಲ್ಲಿ ಕೇಳುವ ವಿಧಾನ) ಮೂಲಕ ನೇರವಾಗಿ ವಿಚಾರಿಸುತ್ತದೆ. ಪಿಂಗ್ ಎಂಬ ‘ಇದ್ದೀಯಾ?’ ಸಂದೇಶಕ್ಕೆ ಕಿವುಡಾದ ಯಂತ್ರವೂ ಎಆರ್‌ಪಿಗೆ ಉತ್ತರಿಸಲೇಬೇಕು. ಜೊತೆಗೆ ಪ್ರತಿ ವಿಳಾಸದ ಕೆಳಗೆ ಮ್ಯಾಕ್ ವಿಳಾಸ (ಜಾಲ ಸಾಧನಕ್ಕೆ ತಯಾರಕರು ಕೊಟ್ಟ ಗುರುತು) ಮತ್ತು ತಯಾರಕರ ಹೆಸರು ಬರುತ್ತವೆ. ನನ್ನ ಹಳೆಯ ಪೈ ಬಿ8:27:ಇಬಿ ಎಂದು ಶುರುವಾಗುತ್ತದೆ, ಪೈ 4 ಡಿಸಿ:ಎ6:32 ಎಂದು. ಈಗ ಪಟ್ಟಿಯಲ್ಲಿ ಕಣ್ಣು ಹುಡುಕುವುದು ಇವೆರಡನ್ನೇ.

ಸುಡೊ ಇಲ್ಲದಾಗ ಒಂದು ಸಾಲಿನ ಸೂಚನೆಯನ್ನೂ ಕೊಡದೆ ಅರ್ಧ ಮಾಹಿತಿ ಕೊಟ್ಟು ಸುಮ್ಮನಾಗುತ್ತದಲ್ಲ, ಅದಕ್ಕೆ ಅರ್ಧ ಅಂಕ ಕಳೆಯುತ್ತೇನೆ. ಐದಕ್ಕೆ ನಾಲ್ಕೂವರೆ. ಅತಿಥಿ ವೈಫೈಗೆ ಸೇರಿದ ಬೋರ್ಡ್ ಕಾಣದಿದ್ದರೆ ಅದು ಎನ್‌ಮ್ಯಾಪ್‌ನ ತಪ್ಪಲ್ಲ. ಅಲ್ಲಿ ರೌಟರೇ ಗೋಡೆ ಕಟ್ಟಿರುತ್ತದೆ. ಅಂದ ಹಾಗೆ, ಇದನ್ನು ಕಚೇರಿಯ ಜಾಲದಲ್ಲಿ ಕೇಳದೆ ಓಡಿಸಬೇಡಿ, ವಿವರಣೆ ಕೊಡುವ ಹೊತ್ತು ಬರುತ್ತದೆ.

ಈಗ ರೌಟರ್‌ನಲ್ಲಿ ಮ್ಯಾಕ್ ವಿಳಾಸ ಬರೆದು, ಎರಡಕ್ಕೂ ಬದಲಾಗದ ಐಪಿ ವಿಳಾಸ ಕಾಯ್ದಿರಿಸಿದ್ದೇನೆ. ಅದರಲ್ಲೂ ಒಮ್ಮೆ ಎಡವಿದೆ: ಕೇಬಲ್‌ಗೂ ವೈಫೈಗೂ ಒಂದೇ ಬೋರ್ಡ್‌ನಲ್ಲಿ ಬೇರೆ ಬೇರೆ ಮ್ಯಾಕ್ ವಿಳಾಸ ಇರುತ್ತದೆ. ಕೇಬಲ್‌ನದ್ದನ್ನು ಬರೆದು ಬೋರ್ಡನ್ನು ವೈಫೈಯಲ್ಲಿ ಬಿಟ್ಟಿದ್ದೆ.

ಹೀಗಾಗಿ ಎನ್‌ಮ್ಯಾಪ್ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಕಳೆದ ತಿಂಗಳು ರೌಟರ್ ಬದಲಾದಾಗ ಮತ್ತೆ ಕರೆದೆ. 256 ವಿಳಾಸ, 0 ಯಂತ್ರ. ಮತ್ತೆ ಓಡಿಸಿದೆ, ಮತ್ತೆ 0. ಅರ್ಧ ಗಂಟೆ ಕೇಬಲ್ ಕಿತ್ತು ಚುಚ್ಚಿದ ಮೇಲೆ ನನ್ನದೇ ಲ್ಯಾಪ್‌ಟಾಪ್‌ನ ವಿಳಾಸ ನೋಡಿದೆ: 192.168.0.14. ಹೊಸ ರೌಟರ್‌ನ ಶ್ರೇಣಿಯೇ ಬೇರೆ. ಒಂದನ್ನು ಸೊನ್ನೆ ಮಾಡಿ ಓಡಿಸಿದೆ, ಎರಡೂ ಬೋರ್ಡ್‌ಗಳು ಒಂದರ ಕೆಳಗೊಂದು ಕೂತಿದ್ದವು.