ಮನೆಗೆ 260 ಕಿಲೋಮೀಟರ್ ಇದ್ದಾಗ ಗಾಡಿ ನಿಲ್ಲಿಸಿದ ಖಾನಾವಳಿ

ಮೊದಲೇ ಹೇಳಿಬಿಡುತ್ತೇನೆ, ಇದು ಹುಡುಕಿಕೊಂಡು ಹೋಗಿ ಉಳಿಯುವಂಥ ಜಾಗ ಅಲ್ಲ. ಕೆಳಗೆ ಖಾನಾವಳಿ, ಮೇಲೆ ನಾಲ್ಕು ರೂಮು. ಬೋರ್ಡಿನಲ್ಲಿ ‘ಖಾನಾವಳಿ’ ಅನ್ನೋ ಪದ ಮಾತ್ರ ಓದೋಕೆ ಬರುತ್ತೆ. ಅದರ ಹಿಂದಿನ ಹೆಸರು ಬಿಸಿಲಿಗೆ ಮಾಸಿ ಹೋಗಿದೆ. ಹುಬ್ಬಳ್ಳಿ ಕಡೆಯಿಂದ ಬರುವಾಗ ಹಾವೇರಿ ದಾಟಿ, ಮೋಟೆಬೆನ್ನೂರಿನ ಹತ್ತಿರ, ಸರ್ವಿಸ್ ರಸ್ತೆಯಲ್ಲಿ ಎಡಗಡೆ ಸಿಗುತ್ತದೆ. ಪಕ್ಕದಲ್ಲೊಂದು ಪಂಕ್ಚರ್ ಅಂಗಡಿ, ಮುಂದೆ ಬೇವಿನ ಮರ. ಅಷ್ಟೇ ಗುರುತು.

ನಾನು ಅಲ್ಲಿ ನಿಲ್ಲಿಸಿದ್ದು ಲಡಾಖ್‌ನಿಂದ ವಾಪಸ್ ಬರುವಾಗ. ಒಬ್ಬನೇ, ಹಿಮಾಲಯನ್ 411 ಬೈಕಿನಲ್ಲಿ. ತುಮಕೂರು ಬಿಟ್ಟು ಅವತ್ತಿಗೆ 26ನೇ ದಿನ. ಮೀಟರು 7,000 ಕಿ.ಮೀ. ದಾಟಿತ್ತು.

ಹೋಗುವಾಗಿನ ಕಥೆ ಎಲ್ಲರೂ ಹೇಳುತ್ತಾರೆ. ಬರುವಾಗಿನದ್ದು ಯಾರೂ ಹೇಳಲ್ಲ, ಯಾಕಂದ್ರೆ ಹೇಳೋಕೆ ಏನೂ ಇರಲ್ಲ. ಉದಯಪುರದಿಂದ ಈಚೆಗೆ ನನ್ನ ಫೋನಿನಲ್ಲಿ ಒಂದೇ ಒಂದು ಫೋಟೋ ಇಲ್ಲ. ಸೂರತ್, ನವಸಾರಿ, ವಾಪಿ ಎಲ್ಲಾ ಲಾರಿಗಳ ಹಿಂಭಾಗ ನೋಡಿಕೊಂಡೇ ಕಳೆದವು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಗೆ ಬೈಕುಗಳನ್ನು ಬಿಡಲ್ಲ, ಹಾಗಾಗಿ ಹಳೇ ರಸ್ತೆಯಲ್ಲೇ ಖಂಡಾಲ ಘಾಟ್ ಹತ್ತಿದೆ. ಹೋಗುವಾಗ ಅದೇ ಘಾಟಿನಲ್ಲಿ ನಿಂತು ಬಿಸಿಬಿಸಿ ವಡಾಪಾವ್ ತಿಂದು, ಮನೆಗೆ ವಿಡಿಯೋ ಕಾಲ್ ಮಾಡಿದ್ದವನು ನಾನು. ಬರುವಾಗ ಹೆಲ್ಮೆಟ್ ತೆಗೆಯೋಕೂ ಬೇಜಾರು. ತೆಗೆದರೆ ಮತ್ತೆ ಹಾಕಬೇಕಲ್ಲ!

ಆ ದಿನ ಬೆಳಗಿನ ಐದೂವರೆಗೆ ಪುಣೆ ಬಿಟ್ಟಿದ್ದೆ. ಖಂಬಾಟ್ಕಿ ಘಾಟ್ ಇಳಿಯುವಷ್ಟರಲ್ಲೇ ಸೊಂಟ ಹಿಡಿದುಕೊಂಡಿತ್ತು. ಸಾತಾರಾದಿಂದ ಕೊಲ್ಹಾಪುರದವರೆಗೆ ಆರು ಪಥದ ಕಾಮಗಾರಿ. ಐದು ನಿಮಿಷಕ್ಕೊಂದು ಡೈವರ್ಷನ್, ಧೂಳು, ಜಲ್ಲಿ. ಕೊಗನೊಳ್ಳಿ ಟೋಲ್ ಹತ್ತಿರ ಕನ್ನಡ ಬೋರ್ಡುಗಳು ಶುರುವಾದವು ನೋಡಿ, ಹೆಲ್ಮೆಟ್ಟಿನೊಳಗೆ ಒಂದೊಂದನ್ನೂ ಜೋರಾಗಿ ಓದುತ್ತಾ ಬಂದೆ. ‘ನಿಧಾನವಾಗಿ ಚಲಿಸಿ’, ‘ಮುಂದೆ ತಿರುವು ಇದೆ’. ಒಂದನೇ ಕ್ಲಾಸಿನ ಹುಡುಗನ ಹಾಗೆ. ಆ ಖುಷಿ ತವಂದಿ ಘಾಟ್‌ವರೆಗೆ ಇತ್ತು, ಆಮೇಲೆ ಅದೂ ಖಾಲಿ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಕತ್ತಲಾಯಿತು. ಎದುರಿನ ಗಾಡಿಗಳ ಲೈಟು ನೇರ ಕಣ್ಣಿಗೇ. ಬಂಕಾಪುರ ಟೋಲಿನಲ್ಲಿ ಎಡಗಡೆ ಬೈಕಿನ ಸಂದಿಯಲ್ಲಿ ನುಸುಳಿ ಬಂದಿದ್ದು ನೆನಪಿದೆ. ಅಲ್ಲಿಂದ ಹಾವೇರಿವರೆಗಿನ ದಾರಿ ನೆನಪಿಲ್ಲ. ನಿಜವಾಗಲೂ ನೆನಪಿಲ್ಲ. ನೆನಪಿರೋದು ಗಾಡಿ ಎಡಕ್ಕೆ ವಾಲಿ, ಅಂಚಿನ ಉಬ್ಬುಗೆರೆ ಮೇಲೆ ಹತ್ತಿ ‘ಡರ್ರ್’ ಅಂದಾಗ ಎಚ್ಚರ ಆಗಿದ್ದು.

ಮನೆಗೆ ಇನ್ನು 260 ಕಿ.ಮೀ. ರಸ್ತೆ ಚೆನ್ನಾಗಿದೆ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ಎಲ್ಲಾ ಗೊತ್ತಿರೋ ಊರುಗಳು. ನಾಲ್ಕೂವರೆ ಗಂಟೆ, ಹೋಗಿಬಿಡಬಹುದು ಅಂತಲೇ ಮನಸ್ಸು ಹೇಳ್ತಿತ್ತು. ಮನಾಲಿ–ಲೇಹ್ ದಾರಿಯ ಬಾರಲಾಚಾ ಪಾಸ್‌ನ ಚಳಿಯಲ್ಲಿ ಹೆದರದವನಿಗೆ ಇಲ್ಲಿ, ನಮ್ಮೂರಿನ ದಾರಿಯಲ್ಲಿ, ಮೊದಲ ಸಲ ಭಯ ಆಯಿತು. ಮುಂದಿನ ಲೈಟು ಕಂಡ ಕಡೆ ಎಡಕ್ಕೆ ತಿರುಗಿಸಿದೆ. ಅದೇ ಈ ಖಾನಾವಳಿ.

ಈಗ ರಿವ್ಯೂಗೆ ಬರ್ತೀನಿ.

ರೂಮಿಗೆ 500 ರೂಪಾಯಿ. ಮೇಲಕ್ಕೆ ಹೋಗುವ ಮೆಟ್ಟಿಲು ಕಡಿದು. ಭಾರದ ಬ್ಯಾಗು ಇದ್ದವರು ಎರಡು ಸಲ ಹತ್ತಬೇಕು. ಮಂಚ ಕಬ್ಬಿಣದ್ದು, ಹಾಸಿಗೆ ಗಟ್ಟಿ. ನನ್ನ ಸೊಂಟಕ್ಕೆ ಅದೇ ಸರಿಹೋಯಿತು. ಮೆತ್ತಗಿದ್ದಿದ್ದರೆ ಬೆಳಿಗ್ಗೆ ಏಳೋಕೇ ಆಗ್ತಿರಲಿಲ್ಲ. ಬೆಡ್‌ಶೀಟ್ ಹಳೇದು ಆದರೆ ಒಗೆದದ್ದು, ಸೋಪಿನ ವಾಸನೆ ಇತ್ತು. ಹಿಂದಿನ ರಾತ್ರಿ ಪುಣೆ ಹೊರಗಡೆ ಒಂದು ಲಾಡ್ಜಿನಲ್ಲಿ 1,800 ಕೊಟ್ಟು, ಯಾರದೋ ತಲೆಗೂದಲಿದ್ದ ದಿಂಬಿನ ಮೇಲೆ ಟವೆಲ್ ಹಾಸಿ ಮಲಗಿದ್ದೆ. ಆ ಲೆಕ್ಕದಲ್ಲಿ ಇದು ಅರಮನೆ.

ಫ್ಯಾನು ಟಕ್ ಟಕ್ ಅನ್ನುತ್ತೆ. ರೂಮಿನೊಳಗೆ ಪ್ಲಗ್ ಪಾಯಿಂಟ್ ಇಲ್ಲ. ಫೋನ್ ಚಾರ್ಜಿಗೆ ಕೆಳಗೆ ಕೌಂಟರಿಗೆ ಬರಬೇಕು. ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ಬಕೆಟ್ ಅಡ್ಡ ಇಡಬೇಕು. ಬಿಸಿನೀರು ಬೆಳಿಗ್ಗೆ ಆರರಿಂದ, ಹಿಂದಿನ ಹಂಡೆಯಿಂದ ತೋಡಿ ತಾವೇ ಹೊತ್ತುಕೊಂಡು ಹೋಗಬೇಕು. ಹೆಂಡತಿ ಮಕ್ಕಳ ಜೊತೆ ಬರೋರು ಯೋಚನೆ ಮಾಡಿ. ಒಂಟಿಯಾಗಿ, ಸುಸ್ತಾಗಿ ಬರೋರಿಗೆ ಇದೆಲ್ಲಾ ಲೆಕ್ಕಕ್ಕೇ ಬರಲ್ಲ.

ಆದರೆ ಬೈಕಿನವರಿಗೆ ಬೇಕಾದ ಒಂದು ವಿಷಯದಲ್ಲಿ ಈ ಜಾಗ ಎಲ್ಲರನ್ನೂ ಮೀರಿಸಿತು. ನಾನು ಗಾಡಿ ಬೇವಿನ ಮರದ ಕೆಳಗೆ ನಿಲ್ಲಿಸಿ, ಬ್ಯಾಗಿನ ಹಗ್ಗ ಬಿಚ್ಚೋಕೆ ಒದ್ದಾಡ್ತಿದ್ದೆ. ಬೆರಳು ಬಗ್ಗುತ್ತಿರಲಿಲ್ಲ. ಒಳಗಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ಖಾನಾವಳಿ ಅವರದ್ದೇ, ಎಲ್ಲರೂ ಅವ್ವ ಅಂತಾರೆ. “ಅಲ್ಲಿ ಬ್ಯಾಡ ತಮ್ಮಾ, ಒಳಗ ತಗೊಂಬಾ” ಅಂದರು. ಅಡುಗೆಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ, ಜೋಳದ ಚೀಲಗಳ ಪಕ್ಕ ಜಾಗ ಮಾಡಿಸಿದರು. ಬ್ಯಾಗು ಬಿಚ್ಚೋದೇ ಬೇಕಾಗಲಿಲ್ಲ. 26 ದಿನದಲ್ಲಿ ಬ್ಯಾಗು ಬಿಚ್ಚದೆ ಮಲಗಿದ್ದು ಅದೊಂದೇ ರಾತ್ರಿ. ದಿನಾ ಸಂಜೆ ಬಿಚ್ಚಿ ಬೆಳಿಗ್ಗೆ ಕಟ್ಟಿದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಊಟ 110 ರೂಪಾಯಿ. ಜೋಳದ ರೊಟ್ಟಿ ಬೇಕಾದಷ್ಟು. ಎಣ್ಣೆಗಾಯಿ, ಮಡಕೆಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ರಂಜಕ, ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ, ಗಟ್ಟಿ ಮೊಸರು. ರಂಜಕದ ಬಣ್ಣ ನೋಡಿ ಹೆದರಿದ್ದೆ. ಬ್ಯಾಡಗಿ ಅಲ್ಲಿಂದ ಕೂಗಳತೆ ದೂರ. ಆ ಮೆಣಸಿನಕಾಯಿ ಬಣ್ಣದಲ್ಲಿ ಮಾತ್ರ ಜೋರು, ಖಾರದಲ್ಲಿ ಸಾಧು. ಹಸಿವಾದ ಹೊಟ್ಟೆಗೆ ಹಿತವಾಗಿತ್ತು. ಅನ್ನ ಸಾರು ಸುಮಾರು. ಸಾರಂತೂ ನೀರು. ನಮ್ಮ ಕಡೆಯವರು ಅದರ ಆಸೆ ಬಿಟ್ಟುಬಿಡಿ, ರೊಟ್ಟಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ.

ಒಲೆ ನಾನು ಕೂತಲ್ಲಿಗೆ ಕಾಣುತ್ತಿತ್ತು. ಒಬ್ಬಾಕೆ ಎರಡೂ ಅಂಗೈಯಲ್ಲಿ ರೊಟ್ಟಿ ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಿದ್ದಳು. ಮಗುಚಿ, ಆಮೇಲೆ ಕೆಂಡದ ಬದಿಗೆ ಒರಗಿಸಿದರೆ ಉಬ್ಬಿ ಬರೋದು. ಅಲ್ಲಿಂದ ನೇರ ತಟ್ಟೆಗೆ. ನಾನು ರೊಟ್ಟಿ ಮುರಿಯೋಕೆ ಹೋದರೆ ಬಲಗೈ ಕೇಳಲೇ ಇಲ್ಲ. ಹದಿನಾಲ್ಕು ಗಂಟೆ ಎಕ್ಸಿಲರೇಟರ್ ಹಿಡಿದ ಕೈ. ಅಂಗೈಯಲ್ಲಿ ಇಂಜಿನ್ ಇನ್ನೂ ಓಡ್ತಾ ಇದ್ದ ಹಾಗೆ ಜುಮುಜುಮು. ಬೆರಳು ರೊಟ್ಟಿ ಹಿಡಿದಿದೆಯೋ ತಟ್ಟೆ ಹಿಡಿದಿದೆಯೋ ಗೊತ್ತಾಗುತ್ತಿಲ್ಲ. ರೊಟ್ಟಿ ಜಾರಿ ಪಲ್ಯದ ಬಟ್ಟಲಿಗೆ ಬಿತ್ತು. ಅವ್ವ ನೋಡಿದರು, ಏನೂ ಕೇಳಲಿಲ್ಲ. ಮುಂದಿನ ರೊಟ್ಟಿಯನ್ನು ನಾಲ್ಕು ಚೂರು ಮಾಡಿಯೇ ತಂದು ಹಾಕಿದರು. ಅದರ ಮುಂದಿನದ್ದೂ ಹಾಗೇ. 47 ವರ್ಷದ ಗಂಡಸಿಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಐದು ರೊಟ್ಟಿ ತಿಂದೆ.

ಮಧ್ಯೆ ಮಗಳ ಫೋನು. ನನ್ನ ಲೊಕೇಶನ್ ಅವಳ ಫೋನಿನಲ್ಲಿ ಸದಾ ಕಾಣುತ್ತಿರುತ್ತೆ. “ಅಪ್ಪ, ಅರ್ಧ ಗಂಟೆಯಿಂದ ಒಂದೇ ಕಡೆ ಇದ್ದೀರಲ್ಲ, ಏನಾಯ್ತು?” ಅಂದಳು, ದನಿ ನಡುಗ್ತಿತ್ತು. ಊಟ ಮಾಡ್ತಿದ್ದೀನಿ, ಇಲ್ಲೇ ಮಲಗ್ತೀನಿ ಅಂದೆ. ಹಿಂದಿನಿಂದ ಹೆಂಡತಿ “ಸದ್ಯ, ಬುದ್ಧಿ ಬಂತಲ್ಲ” ಅಂದದ್ದು ಕೇಳಿಸಿತು.

ಎದುರು ಟೇಬಲ್ಲಿನಲ್ಲಿ ಒಬ್ಬ ಲಾರಿ ಡ್ರೈವರ್. ನನ್ನ ಜಾಕೆಟ್ಟು, ಮೊಣಕಾಲಿನ ಪ್ಯಾಡು ನೋಡಿ ಎಲ್ಲಿಂದ ಬಂದ್ರಿ ಅಂತ ಕೇಳಿದ. ನಾನು ಸ್ವಲ್ಪ ಗತ್ತಿನಲ್ಲೇ “ಲೇಹ್‌ನಿಂದ, ದೆಹಲಿ ಮೇಲೆ” ಅಂದೆ. “ಹೌದ್ರೀ? ನಾನೂ ಮೆಣಸಿನಕಾಯಿ ಹಾಕ್ಕೊಂಡು ದಿಲ್ಲಿಗೆ ಹೋಗ್ತಿರ್ತೀನ್ರೀ, ತಿಂಗಳಿಗೆ ಎರಡ ಸಲ” ಅಂದು ಮೊಸರು ಕಲಸೋಕೆ ಶುರು ಮಾಡಿದ. ನನ್ನ ಗತ್ತು ಅಲ್ಲಿಗೆ ಇಳಿಯಿತು. ಹೋಗುವಾಗ ಅವನೇ ಹೇಳಿದ, ಪುಣೆಯಿಂದ ಇಲ್ಲಿಗೆ ಒಂದೇ ದಿನಕ್ಕೆ ಬರಬಾರದಿತ್ತು, ಬೆಳಗಾವಿಯಲ್ಲೇ ನಿಲ್ಲಬೇಕಿತ್ತು ಅಂತ. “ಮನಿ ಹತ್ರ ಬಂದಾಗನ ಗಾಡಿ ಬೀಳೋದ್ರೀ.”

ಮೋಟೆಬೆನ್ನೂರು ಅಂದಾಗ ನನಗೆ ನೆನಪಾಗೋದು ಮೈಲಾರ ಮಹಾದೇವಪ್ಪ. ಅವರು ಹುಟ್ಟಿದ್ದು ಇದೇ ಊರಲ್ಲಿ. 1930ರಲ್ಲಿ ಗಾಂಧೀಜಿ ಜೊತೆ ಸಾಬರಮತಿಯಿಂದ ದಾಂಡಿವರೆಗೆ ನಡೆದವರಲ್ಲಿ ಒಬ್ಬರು. ಸುಮಾರು 385 ಕಿ.ಮೀ., 24 ದಿನ, ಕಾಲ್ನಡಿಗೆ. ದಾಂಡಿ ಇರೋದು ನವಸಾರಿ ಹತ್ತಿರ. ಎರಡು ದಿನದ ಹಿಂದೆ ಅಲ್ಲೇ ಪಕ್ಕದಲ್ಲಿ ಹಾದು ಬಂದಿದ್ದೆ, ಸೀಟು ಗಟ್ಟಿ ಅಂತ ಬೈದುಕೊಂಡು. ಮಂಚದ ಮೇಲೆ ಬಿದ್ದುಕೊಂಡು ಇದನ್ನು ಯೋಚಿಸುತ್ತಿದ್ದೆ. ಅವರು ವಾಪಸ್ ಊರಿಗೆ ಹೇಗೆ ಬಂದಿರಬಹುದು ಅಂತ ಕುತೂಹಲ ಆಯಿತು. ಹೋಗಿದ್ದನ್ನೇ ಎಲ್ಲರೂ ಬರೆದಿದ್ದಾರೆ. ಅಷ್ಟರಲ್ಲಿ ನಿದ್ದೆ.

ರಾತ್ರಿ ಇಡೀ ಲಾರಿ ಹಾರನ್ ಇರುತ್ತೆ ಅಂತ ಬೇರೆಯವರು ಹೇಳಬಹುದು. ಇದ್ದಿರಬೇಕು. ನನಗೆ ಗೊತ್ತಿಲ್ಲ.

ಬೆಳಿಗ್ಗೆ ಕೈ ಸರಿಹೋಗಿತ್ತು, ಕಿರುಬೆರಳು ಬಿಟ್ಟು. ಚಹಾ ಕೊಟ್ಟರು, ಪಾಯಸದಷ್ಟು ಸಿಹಿ. ಕಾಫಿ ಇಲ್ಲ. ನಾಲ್ಕು ವಾರದಿಂದ ಫಿಲ್ಟರ್ ಕಾಫಿ ಕಾಣದ ತುಮಕೂರಿನವನಿಗೆ ಇದು ದೊಡ್ಡ ಕೊರತೆ. ಪಂಕ್ಚರ್ ಅಂಗಡಿ ಹುಡುಗ ಶೆಡ್ಡಿನಿಂದ ಗಾಡಿ ಹೊರಗೆ ತರುವಾಗಲೇ ಕಿವಿಗೊಟ್ಟು, “ಚೈನು ಸಡಿಲ ಆಗೈತ್ರೀ” ಅಂದ. ನೋಡಿದರೆ ಜೋಲುಬಿದ್ದಿತ್ತು. ಮನಾಲಿಯಿಂದ ಪುಣೆವರೆಗೆ ದಿನಾ ಬೆಳಿಗ್ಗೆ ಚೈನು ಮುಟ್ಟಿ ನೋಡಿದ್ದವನು, ಇನ್ನೇನು ಬಂದೇಬಿಟ್ಟೆ ಅಂತ ಕೊನೆಯ ಎರಡು ದಿನ ಬಿಟ್ಟಿದ್ದೆ. ಬಿಗಿ ಮಾಡಿ, ಎಣ್ಣೆ ಹಾಕಿ 50 ರೂಪಾಯಿ ತಗೊಂಡ.

ಅವ್ವ ಒಣಗಿದ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ದುಡ್ಡು ಎಷ್ಟು ಅಂದರೆ “ಮನಿಯಾಗ ಕೊಡ್ರೀ” ಅಂದರು. ಮಗಳಿಗೆ ಕೊಡಿ ಅಂತಲೋ, ದುಡ್ಡು ಬೇಡ ಅಂತಲೋ ಅರ್ಥ ಆಗಲಿಲ್ಲ. ಸ್ಕ್ಯಾನ್ ಮಾಡಿ 100 ಹಾಕಿದೆ. ಡಬ್ಬಿ ಜೋರಾಗಿ ಕೂಗಿ ಹೇಳಿಬಿಟ್ಟಿತು, ಅವರು ನನ್ನನ್ನು ದುರುಗುಟ್ಟಿ ನೋಡಿದರು.

ದಾವಣಗೆರೆಯಲ್ಲಿ ಬೆಣ್ಣೆದೋಸೆಗೂ ನಿಲ್ಲಿಸಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಮನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ಕಳೆದಿದ್ದು ಚಿಲಕಕ್ಕೆ, ಇನ್ನರ್ಧ ಕಾಫಿಗೆ. ಹೋಗೋರಿಗೆ ಎರಡು ಮಾತು. ಹಿಂದಿನ ರೂಮು ಕೇಳಿ, ರಸ್ತೆ ಕಡೆಯದ್ದು ಬೇಡ. ಬೆಂಗಳೂರಿನಿಂದ ಬರೋರಿಗೆ ಇದು ಎದುರುಗಡೆ ಸಿಗುತ್ತೆ, ಮುಂದೆ ಹೋಗಿ ಅಂಡರ್‌ಪಾಸಿನಲ್ಲಿ ತಿರುಗಿ ಬರಬೇಕು. ರಾತ್ರಿ ಒಂಬತ್ತೂವರೆಗೆ ಒಲೆ ಆರಿಸುತ್ತಾರೆ, ಆಮೇಲೆ ಹೋದರೆ ಕಟಕ ರೊಟ್ಟಿ ಅಷ್ಟೇ.