ಕಿರುಚಿತ್ರದ ಅನುದಾನಕ್ಕೆ ಅರ್ಜಿ ಬರೆಸಿದೆ, 9,440 ರೂಪಾಯಿ ಕೊಟ್ಟೆ: ಐದರಲ್ಲಿ ಎರಡೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಸಿನಿಮಾ ವಿಮರ್ಶೆ ಅಲ್ಲ. ಸಿನಿಮಾ ಇನ್ನೂ ಆಗಿಲ್ಲ. ಕಿರುಚಿತ್ರಕ್ಕೆ ಅನುದಾನ ಸಿಗುವ ಹಾಗೆ ಅರ್ಜಿ ಬರೆದುಕೊಡುತ್ತೇವೆ ಎನ್ನುವ ಒಂದು ಆನ್‌ಲೈನ್ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಇಂಥವು ಈಗ ಬೇಕಾದಷ್ಟು ಉಂಟು, ಫೋನಿನಲ್ಲಿ ಎರಡು ಸಲ ಶಾರ್ಟ್ ಫಿಲ್ಮ್ ಅಂತ ಹುಡುಕಿದರೆ ಸಾಕು, ಮರುದಿನದಿಂದ ಅವರೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಫೀಸು 8,000. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 9,440. ಅನುದಾನ ಸಿಕ್ಕಿದರೆ ಅದರಲ್ಲಿ ಹತ್ತು ಪರ್ಸೆಂಟ್ ಬೇರೆ. ಆ ಹತ್ತು ಪರ್ಸೆಂಟಿನ ಕಥೆ ಆಮೇಲೆ ಹೇಳುತ್ತೇನೆ.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು, ಮದುವೆ ವಿಡಿಯೋ ಮಾಡುತ್ತೇನೆ. ಕ್ಯಾಮೆರಾ ಉಂಟು, ಎಡಿಟಿಂಗ್ ಗೊತ್ತು. ಇಲ್ಲದ್ದು ಎರಡೇ, ಹಣ ಮತ್ತು ಇಂಗ್ಲಿಷ್. ನನ್ನ ಕಥೆ ಸುರಂಗದ್ದು. ಗೊತ್ತಿಲ್ಲದವರಿಗೆ ಒಂದು ಮಾತು: ನಮ್ಮ ಪೆರ್ಲ, ಬಾಯಾರು, ಎಣ್ಮಕಜೆ ಕಡೆ ಗುಡ್ಡದ ಬದಿಯಿಂದ ಮುರಕಲ್ಲು ಎಂಬ ಕೆಂಪು ಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ಬಾವಿ ಕೆಳಗೆ ಹೋಗುತ್ತದೆ, ಸುರಂಗ ಒಳಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟ್ ಬೇಡ. ಉದ್ದವನ್ನು ಕೋಲು ಎಂಬ ಹಳೇ ಅಳತೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಳಗೆ ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟು ಜಾಗ ಮಾತ್ರ. ಅಗೆಯುವವನು ಪಕ್ಕದಲ್ಲಿ ಮೊಂಬತ್ತಿ ಹಚ್ಚಿಡುತ್ತಾನೆ. ಅದು ಬೆಳಕಿಗೆ ಮಾತ್ರ ಅಲ್ಲ. ಒಳಗೆ ಆಮ್ಲಜನಕ ಕಡಿಮೆಯಾದರೆ ಮೊದಲು ಮಂಕಾಗುವುದು ಮೊಂಬತ್ತಿ, ಆಗ ಕೆಲಸ ಬಿಟ್ಟು ಹೊರಗೆ ಬರಬೇಕು. ಒಳಗೆ ಅಗೆಯುವ ಅಜ್ಜ, ಹೊರಗೆ ಮಣ್ಣು ಹೊತ್ತು ಹಾಕುವ ಮೊಮ್ಮಗಳು, ನಡುವೆ ಒಂದು ಮೊಂಬತ್ತಿ. 14 ನಿಮಿಷದ ಚಿತ್ರ.

ಇದನ್ನೆಲ್ಲ ಒಂದು ಗಂಟೆ ಫೋನಿನಲ್ಲಿ ವಿವರಿಸಿದೆ. ಆ ಕಡೆಯವರು ಚೆನ್ನಾಗಿಯೇ ಕೇಳಿದರು, ನಡುನಡುವೆ ವಾವ್ ಅಂದರು. ಹತ್ತು ದಿನ ಬಿಟ್ಟು ಆರು ಪುಟದ ಪಿಡಿಎಫ್ ಬಂತು. ಇಂಗ್ಲಿಷಿನಲ್ಲಿ. ಫೋನಿನ ಅನುವಾದಕ್ಕೆ ಹಾಕಿ ಓದಿದರೆ, "ಗಡಿ ಅಂಚಿನ ದಮನಿತ ಧ್ವನಿಗಳ ಮೌನವನ್ನು ಶೋಧಿಸುವ ದೃಶ್ಯ ಪಯಣ" ಅಂತ ಶುರು. ನನ್ನ ಚಿತ್ರದ ಅಜ್ಜ ಮೌನಿ ಅಲ್ಲ ಮಾರಾಯ್ರೇ. ನನಗೆ ಗೊತ್ತಿರುವ ಒಬ್ಬ ಸುರಂಗ ತೋಡುವ ಅಜ್ಜನನ್ನು ನೋಡಿಯೇ ಆ ಪಾತ್ರ ಬರೆದದ್ದು, ಅವರು ಬಾಯಿ ತೆರೆದರೆ ಚಹಾ ತಣ್ಣಗಾಗುವವರೆಗೆ ನಿಲ್ಲಿಸುವುದಿಲ್ಲ. ಹವಾಮಾನ ಬದಲಾವಣೆ ನಾಲ್ಕು ಸಲ ಬಂದಿತ್ತು, ಅಸ್ಮಿತೆ ಐದು ಸಲ. ಮೊಂಬತ್ತಿ ಎಲ್ಲಿ ಅಂತ ಹುಡುಕಿದೆ. ಆರು ಪುಟದಲ್ಲಿ ಒಂದೇ ಒಂದು ಸಲವೂ ಇರಲಿಲ್ಲ.

ಫೋನ್ ಮಾಡಿ ಕೇಳಿದ್ದಕ್ಕೆ, "ಜ್ಯೂರಿಗೆ ಥೀಮ್ ಬೇಕು ಸಾರ್, ಪ್ರಾಪರ್ಟಿ ಅಲ್ಲ" ಅಂದರು. ಪ್ರಾಪರ್ಟಿ ಅಂದರೆ ಸಿನಿಮಾದವರ ಭಾಷೆಯಲ್ಲಿ ದೃಶ್ಯಕ್ಕೆ ಬಳಸುವ ಸಾಮಾನು. ಎರಡು ತಿದ್ದುಪಡಿ ಉಚಿತ ಅಂತ ಒಪ್ಪಂದದಲ್ಲಿತ್ತು. ಒಂದನ್ನು ಮೊಂಬತ್ತಿಗೆ ಖರ್ಚು ಮಾಡಿದೆ. ವಾಪಸ್ ಬಂದಾಗ ಅದು "ಭರವಸೆಯ ಜ್ವಾಲೆ" ಆಗಿತ್ತು. ಎರಡನೆಯದನ್ನು ಕೇಳಲೇ ಇಲ್ಲ.

ಬಜೆಟ್ ಇನ್ನೂ ಚೆಂದ. ನಾವು ಅರ್ಜಿ ಹಾಕಿದ್ದು ಒಂದು ಖಾಸಗಿ ಸಂಸ್ಥೆಯ ಅನುದಾನಕ್ಕೆ, ಅದರ ಗರಿಷ್ಠ ಮಿತಿ 3 ಲಕ್ಷ. ಇವರು ಮಾಡಿಕೊಟ್ಟದ್ದು 2,99,800. ಇಷ್ಟು ಸರಿಯಾಗಿ ಕೂತ ಲೆಕ್ಕವನ್ನು ಮದುವೆ ಮನೆಯಲ್ಲಿ ಅಡುಗೆಯವರೂ ನಂಬುವುದಿಲ್ಲ. ಅದರಲ್ಲಿ ಡ್ರೋನಿಗೆ 40,000, ಟ್ರಾಕ್ ಮತ್ತು ಡಾಲಿಗೆ, ಅಂದರೆ ಹಳಿಯ ಮೇಲೆ ಕ್ಯಾಮೆರಾ ಓಡಿಸುವ ಗಾಡಿಗೆ, 18,000. ಎರಡೂವರೆ ಅಡಿ ಅಗಲದ, ನೆಲದಲ್ಲಿ ನೀರು ಹರಿಯುವ ಸುರಂಗದ ಒಳಗೆ ಟ್ರಾಕ್ ಹಾಕಿ ಡಾಲಿ ಓಡಿಸುವುದು! ಊಟಕ್ಕೆ ಇಟ್ಟದ್ದು ಒಟ್ಟು 6,000. ಹನ್ನೊಂದು ಜನ, ಐದು ದಿನ, ದಿನಕ್ಕೆ ಒಬ್ಬರಿಗೆ 250 ಅಂದರೂ 13,750 ಆಗುತ್ತದೆ. ಮೂರು ಜನ ಒಳಗೆ ಹೋದರೆ ಗಾಳಿಗೆ ಬ್ಲೋವರ್ ಬೇಕು, ಅದು ಇಲ್ಲ. ಬ್ಯಾಟರಿಯಲ್ಲಿ ಉರಿಯುವ ಸಣ್ಣ ಎಲ್‌ಇಡಿ ಬೇಕು, ಇಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆಯದಕ್ಕೆ. ಐದು ದಿನ ಕ್ಯಾಮೆರಾ ಎದುರು ಪಿಕ್ಕಾಸು ಹಿಡಿಯಬೇಕಾದ ಅಜ್ಜನ ಸಂಬಳ ಎಂಬ ಸಾಲೇ ಇರಲಿಲ್ಲ. ಸ್ಥಳೀಯರು ಸಹಕಾರ ಕೊಡುತ್ತಾರೆ ಅಂತ ಬರೆದಿದ್ದರು.

ಇದರ ನಡುವೆ ಭಾಷೆಯ ಗೋಳು. ಫಾರ್ಮಿನಲ್ಲಿ ಚಿತ್ರದ ಭಾಷೆ ಅಂತ ಒಂದು ಡ್ರಾಪ್‌ಡೌನ್, ಒಂದನ್ನು ಮಾತ್ರ ಆರಿಸಬಹುದು. ನನ್ನ ಅಜ್ಜ ಮನೆಯಲ್ಲಿ ತುಳು, ತೋಟದ ಯಜಮಾನರ ಹತ್ತಿರ ಕನ್ನಡ, ಬಸ್ಸಿನಲ್ಲಿ ಮಲೆಯಾಳ ಮಾತಾಡುತ್ತಾನೆ. ಇದು ಇಲ್ಲಿ ವಿಶೇಷ ಏನಲ್ಲ, ಕಾಸರಗೋಡಿನಲ್ಲಿ ಯಾರನ್ನು ಕೇಳಿದರೂ ಹೀಗೇ. ಸಲಹೆಗಾರರು ಮಲೆಯಾಳ ಅಂತ ಒತ್ತಿ ಕಳಿಸಿಬಿಟ್ಟಿದ್ದರು, ವಿಳಾಸ ಕೇರಳ ಅಲ್ವಾ ಅಂತ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಇಲ್ಲಿನ ಕನ್ನಡಿಗರಿಗೆ ಸರಕಾರಕ್ಕೆ ಕನ್ನಡದಲ್ಲೇ ಬರೆಯುವ ಹಕ್ಕು ಕೊಟ್ಟಿತ್ತು. ಖಾಸಗಿ ಸಂಸ್ಥೆಯ ಡ್ರಾಪ್‌ಡೌನಿಗೆ ಕಾಯ್ದೆ ಎಂತ ಗೊತ್ತು.

ಮೂರು ತಿಂಗಳು ಬಿಟ್ಟು ಎರಡು ಸಾಲಿನ ಮೇಲ್ ಬಂತು. ಆಯ್ಕೆ ಆಗಿಲ್ಲ. ಕಾರಣ ಹೇಳುವ ಪದ್ಧತಿ ಇಲ್ಲವಂತೆ.

ಹಾಗಾದರೆ ಎರಡೂವರೆ ಸ್ಟಾರ್ ಯಾಕೆ? ಮೂರು ಕಾರಣಕ್ಕೆ. ಅವರ ಎಕ್ಸೆಲ್ ಶೀಟು ಒಳ್ಳೆಯದು. ಚಿತ್ರೀಕರಣಕ್ಕೆ ಮೊದಲು, ಚಿತ್ರೀಕರಣ, ಆಮೇಲಿನ ಕೆಲಸ, ಅನಿರೀಕ್ಷಿತ ಖರ್ಚಿಗೆ ಹತ್ತು ಪರ್ಸೆಂಟ್ ಅಂತ ವಿಂಗಡಿಸಿದ್ದರು, ಸಬ್‌ಟೈಟಲಿಗೆ, ಡಿಸಿಪಿಗೆ (ಥಿಯೇಟರಿನಲ್ಲಿ ತೋರಿಸಲು ಬೇಕಾದ ಡಿಜಿಟಲ್ ಪ್ರತಿ), ಚಿತ್ರೋತ್ಸವಗಳ ಪ್ರವೇಶ ಶುಲ್ಕಕ್ಕೆ ಬೇರೆ ಬೇರೆ ಸಾಲು. ನಾನಾಗಿದ್ದರೆ ಡಿಸಿಪಿ ಮರೆತೇ ಬಿಡುತ್ತಿದ್ದೆ. ಎರಡನೆಯದು ದನದ ವಿಷಯ. ಕೊನೆಯ ದೃಶ್ಯದಲ್ಲಿ ಸುರಂಗದ ನೀರು ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆಯಲ್ಲಿ, ಹರಿದು ಕೆರೆಗೆ ಬೀಳುತ್ತದೆ, ಅಲ್ಲಿ ಒಂದು ದನ ನೀರು ಕುಡಿಯುತ್ತದೆ. ಸುಮ್ನೆ ಬರೆದದ್ದು. ಪ್ರಾಣಿಯನ್ನು ತೋರಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸೆನ್ಸಾರ್ ಸರ್ಟಿಫಿಕೇಟ್ ಮಾಡಿಸುವಾಗ ಸಿಕ್ಕಿಬೀಳುತ್ತೀರಿ ಅಂತ ಹೇಳಿದ್ದು ಅವರೇ. ಈಗ ದನ ಇಲ್ಲ, ಬರೀ ಅದರ ಗಂಟೆಯ ಸದ್ದು. ದೃಶ್ಯ ಮೊದಲಿಗಿಂತ ಚೆನ್ನಾಗಿದೆ ಅಂತ ಈಗ ಅನಿಸುತ್ತದೆ. ಮೂರನೆಯದು ಪೀಡನೆ. ದಿನಾ ಬೆಳಿಗ್ಗೆ ಏಳಕ್ಕೆ ಮೆಸೇಜು, ಇನ್ನು ಹನ್ನೆರಡು ದಿನ, ಇನ್ನು ಹನ್ನೊಂದು ದಿನ. ಅದಿಲ್ಲದಿದ್ದರೆ ಮದುವೆ ಸೀಸನ್ನಿನಲ್ಲಿ ನಾನು ಚಿತ್ರಕಥೆ ಮುಗಿಸುತ್ತಿರಲಿಲ್ಲ.

ಆದರೆ ಅವರು ಕೊಡುವ ಅನುದಾನಗಳ ಪಟ್ಟಿಯನ್ನು ನಂಬಬೇಡಿ. ಅದರಲ್ಲಿ ಸಾಕ್ಷ್ಯಚಿತ್ರ ಮಾಡುತ್ತಿದ್ದ ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಷನ್ ಇನ್ನೂ ಬೇರೆಯಾಗಿ ಇತ್ತು. ಅದು 2022ರಲ್ಲೇ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಜೊತೆ ಸೇರಿಹೋಯಿತು. ರಾಟರ್‌ಡ್ಯಾಮಿನ ಹ್ಯೂಬರ್ಟ್ ಬಾಲ್ಸ್ ಫಂಡ್ ಇತ್ತು, ಅದು ಪೂರ್ಣ ಉದ್ದದ ಚಿತ್ರಗಳಿಗೆ, 14 ನಿಮಿಷದ ಸುರಂಗಕ್ಕಲ್ಲ. ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವವೂ ಇತ್ತು. ಅದು ಚಿತ್ರ ಮಾಡಿ ಆದ ಮೇಲೆ ಕಳಿಸುವ ಜಾಗ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. 1995ರಿಂದ ಕಲೆಗೆ ಅನುದಾನ ಕೊಡುತ್ತಿರುವ ಸಂಸ್ಥೆ, ಪ್ರಸ್ತಾವನೆಯನ್ನು ಕನ್ನಡದಲ್ಲೂ ಬರೆಯಬಹುದು. ಇದು ಗೊತ್ತಾದದ್ದು ಒಬ್ಬ ಯಕ್ಷಗಾನದ ಭಾಗವತರಿಂದ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ.

ಹತ್ತು ಪರ್ಸೆಂಟಿನ ಕಥೆ ಹೇಳುತ್ತೇನೆ ಅಂದಿದ್ದೆನಲ್ಲ. ಆ ಕಮಿಷನ್ನನ್ನು ಬಜೆಟಿನಲ್ಲಿ "ಸಂಯೋಜನಾ ವೆಚ್ಚ" ಎಂಬ ಹೆಸರಿನಲ್ಲಿ ಮುಚ್ಚಿ ಇಟ್ಟಿದ್ದರು. ಅನುದಾನ ಕೊಡುವವರು ಆಮೇಲೆ ಬಿಲ್ಲು ಕೇಳುತ್ತಾರೆ. ಕೇಳಿದಾಗ ಸಹಿ ಹಾಕುವುದು ನಾನು, ಅವರಲ್ಲ. ಬಜೆಟ್ ಓದದೆ ಅರ್ಜಿಗೆ ಸಹಿ ಹಾಕಿದ್ದು ನನ್ನದೇ ತಪ್ಪು ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಎರಡನೇ ಸಲ ಬೇರೆ ಕಡೆಗೆ ನಾನೇ ಬರೆದೆ, ಕನ್ನಡದಲ್ಲಿ. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದೆ, ಪುಟಕ್ಕೆ 40 ರೂಪಾಯಿ. ಅವರು ಹಳೇ ನುಡಿ ಫಾಂಟಿನಲ್ಲಿ ಹೊಡೆದಿದ್ದರು. ವೆಬ್‌ಸೈಟಿನ ಪೆಟ್ಟಿಗೆಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಕೊಂಬು, ಬಾಲ ಇಟ್ಟ ಹಾಗೆ ಏನೇನೋ ಬಂತು. ಯೂನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತು ಬರುವಲ್ಲೆಲ್ಲ ಅಕ್ಷರ ಹಿಂದೆ ಮುಂದೆ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಕೂತು ಇಡೀ ನಾಲ್ಕು ಪುಟ ಫೋನಿನಲ್ಲೇ ಒತ್ತಿದೆ. ಹೆಬ್ಬೆರಳು ನೋವು ಬಂತು, ಆದರೆ ಒತ್ತುವಾಗ ಬೇಡದ ವಾಕ್ಯಗಳೆಲ್ಲ ತಾವಾಗಿಯೇ ಉದುರಿದವು. ಮೊದಲ ಸಾಲೇ ಮೊಂಬತ್ತಿ. ಬಜೆಟ್ 2,34,650. ಅದರಲ್ಲಿ ಅಜ್ಜನಿಗೆ ದಿನಕ್ಕೆ 1,500ರ ಹಾಗೆ ಐದು ದಿನ, 7,500.

ಸಂದರ್ಶನಕ್ಕೆ ಕರೆದರು. ವಿಡಿಯೋ ಕಾಲ್, ಮನೆಯ ಒಳಗೆ ನೆಟ್‌ವರ್ಕ್ ಇಲ್ಲ, ಅಡಿಕೆ ಒಣಗಿಸುವ ಅಂಗಳದಲ್ಲಿ ಕೊಡೆ ಹಿಡಿದು ಕೂತೆ. ಅಸ್ಮಿತೆಯ ಬಗ್ಗೆ ಯಾರೂ ಕೇಳಲಿಲ್ಲ. ಒಬ್ಬರು ಕೇಳಿದ್ದು, ಮೊಂಬತ್ತಿ ಮಂಕಾದಾಗ ನಿಮ್ಮ ಕ್ಯಾಮೆರಾದವನು ಎಲ್ಲಿರುತ್ತಾನೆ ಅಂತ. ಕ್ಯಾಮೆರಾ ಒಳಗೆ ಇರುತ್ತದೆ, ಅವನು ಹೊರಗೆ ಇರುತ್ತಾನೆ, ಮೊದಲೇ ಟ್ರೈಪಾಡ್ ಬಿಗಿದು ರೆಕಾರ್ಡ್ ಒತ್ತಿ ಬರುತ್ತಾನೆ, ಅಜ್ಜನಿಗೆ ಕೂಡ ಬ್ಲೋವರ್ ಇರುತ್ತದೆ, ಪುಟ ಮೂರರಲ್ಲಿ ಬಾಡಿಗೆ ಹಾಕಿದ್ದೇನೆ ಅಂದೆ. ಅವರು ಪುಟ ತಿರುವುವ ಸದ್ದು ಕೇಳಿಸಿತು. ಫಲಿತಾಂಶ ಮುಂದಿನ ತಿಂಗಳು.

ಈ ಸೇವೆಯವರಲ್ಲಿ ಪೂರ್ತಿ ಪ್ಯಾಕೇಜ್ ಅಲ್ಲದೆ ಒಂದು ಗಂಟೆಯ ಬಜೆಟ್ ಪರಿಶೀಲನೆ ಅಂತ ಬೇರೆಯೇ ಉಂಟು, 1,500 ರೂಪಾಯಿ. ಜಾಲತಾಣದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅವರಾಗಿ ಹೇಳುವುದಿಲ್ಲ. ಬೇಕಾದರೆ ಅದನ್ನು ಮಾತ್ರ ತೆಗೆದುಕೊಳ್ಳಿ. ಕಥೆ, ನಿರ್ದೇಶಕನ ಮಾತು ನೀವೇ ಬರೆಯಿರಿ. ರಾತ್ರಿ ಎಂಟರ ಮೇಲೆ ಫೋನ್ ಮಾಡಿ, ಹಗಲು ಎತ್ತುವುದಿಲ್ಲ.