ರಸ್ತೆಬದಿಯ ಬೋಳು ಇಳಿಜಾರಿಗೆ ಯಾವುದು: ಹುಲ್ಲಿನ ಬೀಜ, ಸ್ವೀಟ್‌ಕ್ಲೋವರ್, ವಿಲೋ ಕಡ್ಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ವಿಲೋ ಎಂಬ ಪೊದೆಗಿಡದ ಕಡ್ಡಿಗೆ. ದುಡ್ಡು ಕೊಟ್ಟು ತರುವ ಹುಲ್ಲಿನ ಬೀಜದ ಚೀಲಕ್ಕೆ ಎರಡನೇ ಸ್ಥಾನ. ಬಿಟ್ಟಿಯಾಗಿ ಬಂದು ಕೂರುವ ಸ್ವೀಟ್‌ಕ್ಲೋವರ್ ಎಂಬ ಕಳೆಗೆ ಕಡೆಯ ಸ್ಥಾನ.

ಜಾಗ ಅಲಾಸ್ಕದ ಫೇರ್‌ಬ್ಯಾಂಕ್ಸ್ ಸುತ್ತಮುತ್ತ. ರಸ್ತೆಗೆಂದು ಗುಡ್ಡ ಕಡಿದ ಕಡೆಯಲ್ಲೆಲ್ಲ ಹಿಟ್ಟಿನಷ್ಟು ನುಣುಪಾದ ಮಣ್ಣು ಬೆತ್ತಲಾಗಿ ನಿಂತಿರುತ್ತದೆ. ಮಳೆ ಬಂದರೆ ಚರಂಡಿಗೆ ಇಳಿಯುತ್ತದೆ. ಶರತ್ಕಾಲದಲ್ಲಿ ಮಣ್ಣಿನೊಳಗಿನ ನೀರು ಸೂಜಿಸೂಜಿಯಾಗಿ ಹೆಪ್ಪುಗಟ್ಟಿ, ಎಳೆ ಸಸಿಗಳನ್ನು ಬೇರುಸಮೇತ ಮೇಲಕ್ಕೆ ತಳ್ಳಿ ಮಲಗಿಸುತ್ತದೆ. ಏನೇ ಹಾಕಿದರೂ ಈ ಎರಡನ್ನು ತಡೆದುಕೊಳ್ಳಬೇಕು.

ಹುಲ್ಲಿನ ವಿಷಯ ಬೇಗ ಮುಗಿಯುತ್ತದೆ. ಅಂಗಡಿಯ ಸಾಮಾನ್ಯ ಲಾನ್ ಮಿಕ್ಸ್ ಬೇಡ, ಅದರಲ್ಲಿರುವ ರೈ ಹುಲ್ಲು ಮೊದಲ ಚಳಿಗಾಲಕ್ಕೇ ಸಾಯುತ್ತದೆ. ಇಲ್ಲಿ ನಿಲ್ಲುವುದು ‘ಆರ್ಕ್ಟರೆಡ್’ ಎಂಬ ಕೆಂಪು ಫೆಸ್ಕ್ಯೂ ಹುಲ್ಲು, 1965ರಲ್ಲಿ ಅಲಾಸ್ಕದಲ್ಲೇ ಬಿಡುಗಡೆಯಾದ ತಳಿ. ಚದರ ಮೀಟರಿಗೆ 4–5 ಗ್ರಾಂ ಬೀಜ, 50 ಗ್ರಾಂನಷ್ಟು 20-20-10 (ಸಾರಜನಕ, ರಂಜಕ, ಪೊಟ್ಯಾಶ್‌ನ ಶೇಕಡಾ ಲೆಕ್ಕ) ಗೊಬ್ಬರ. ಜುಲೈ ಮಧ್ಯದೊಳಗೆ ಎರಚಿ, ಕುಂಟೆಯಲ್ಲಿ ಒಮ್ಮೆ ಎಳೆದು, ತುಳಿದು ಬಿಟ್ಟರೆ ಅದೇ ಬೇಸಿಗೆಯಲ್ಲಿ ಹಸಿರು. ಮಣ್ಣು ಬೇಗ ನಿಲ್ಲಬೇಕಾದಲ್ಲಿ ಇದರಷ್ಟು ಚುರುಕಿನದು ಇನ್ನೊಂದಿಲ್ಲ. ತೊಂದರೆಯೆಂದರೆ ಗೊಬ್ಬರ ಉಂಡ ಫೆಸ್ಕ್ಯೂ ಕಂಬಳಿಯ ಹಾಗೆ ಹೆಣೆದುಕೊಂಡು, ಊರಿನ ಯಾವ ಗಿಡಕ್ಕೂ ವರ್ಷಗಟ್ಟಲೆ ಜಾಗ ಬಿಡುವುದಿಲ್ಲ. ಮುಂದೆ ಕಾಡು ಗಿಡಗಳೂ ಬರಲಿ ಎಂದಿದ್ದರೆ ಬೀಜ, ಗೊಬ್ಬರ ಎರಡನ್ನೂ ಅರ್ಧಕ್ಕೆ ಇಳಿಸಬೇಕು.

ಬಿಳಿ ಸ್ವೀಟ್‌ಕ್ಲೋವರನ್ನು ಯಾರೂ ಬಿತ್ತಬೇಕಾಗಿಲ್ಲ. ಟೈರಿನ ಕೆಸರಲ್ಲಿ, ಲಾರಿಯ ಜಲ್ಲಿಯಲ್ಲಿ ತಾನೇ ಬರುತ್ತದೆ. ಬಂದದ್ದನ್ನು ಇಟ್ಟುಕೊಳ್ಳಬೇಕೇ ಎನ್ನುವುದಷ್ಟೇ ಪ್ರಶ್ನೆ. ನಮ್ಮ ಮೆಂತ್ಯದ ಹತ್ತಿರದ ನೆಂಟ ಇದು. ಅದೇ ಮೂರೆಲೆ, ಎಲೆಯಂಚಿಗೆ ಅದೇ ಸಣ್ಣ ಹಲ್ಲು. ಒಣಗಿದ ಗಿಡ ಹೊಸ ಹುಲ್ಲಿನ ಬಣವೆಯಂತೆ ಸಿಹಿಯಾಗಿ ಘಮಘಮಿಸುತ್ತದೆ. 1913ರಲ್ಲಿ ಮೇವಿಗೆ, ಜೇನಿಗೆ ಎಂದು ಅಲಾಸ್ಕಕ್ಕೆ ತಂದದ್ದು. ಬೇರಿನಲ್ಲಿ ಸಾರಜನಕ ಕೂಡಿಸುತ್ತದೆ, ಜಲ್ಲಿಯಲ್ಲೂ ಆಳೆತ್ತರ ಬೆಳೆಯುತ್ತದೆ, ಜೇನುಹುಳು ಮುತ್ತಿಕೊಳ್ಳುತ್ತವೆ. ಇಷ್ಟು ಕೇಳಿದರೆ ಇರಲಿ ಬಿಡಿ ಅನ್ನಿಸುತ್ತದೆ.

ಇರಬಾರದು. ದೊಡ್ಡ ಗಿಡವೊಂದು 3,50,000ದವರೆಗೆ ಬೀಜ ಬಿಡಬಲ್ಲದು. ಗಟ್ಟಿ ಸಿಪ್ಪೆಯ ಆ ಬೀಜ ಮಣ್ಣಿನಲ್ಲಿ 80 ವರ್ಷವಾದರೂ ಕಾಯುತ್ತದೆ. ರಸ್ತೆ ಸೇತುವೆ ದಾಟುವಲ್ಲಿ ಬೀಜ ನೀರಿಗಿಳಿದು ನೆನಾನ, ಮಟನುಸ್ಕ ನದಿಗಳ ಮರಳುದಿಣ್ಣೆಗಳಿಗೂ ಹೋಗಿ, ಅಲ್ಲಿನ ಎಳೆ ವಿಲೋಗಳಿಗೆ ಬಿಸಿಲು ಬೀಳದಂತೆ ನಿಂತಿದೆ. ಕತ್ತರಿಸುವವರು ತಪ್ಪುವುದು ಎತ್ತರದಲ್ಲಿ. ಮೊಣಕಾಲೆತ್ತರಕ್ಕೆ ಸವರಿದರೆ ಉಳಿದ ಕಾಂಡದ ಗಿಣ್ಣುಗಳಿಂದ ಕವಲೊಡೆದು, ಗಿಡ್ಡಗೆ ನಿಂತು ಮತ್ತೆ ಹೂಬಿಡುತ್ತದೆ. ಮೊದಲ ವರ್ಷದ ಗಿಡವನ್ನು ಮಳೆ ಬಂದ ಮರುದಿನ ಬೇರುಸಮೇತ ಕೀಳಬೇಕು. ಎರಡನೇ ವರ್ಷದ್ದನ್ನು ಹೂ ಶುರುವಾಗುವಾಗ ನೆಲಕ್ಕೆ ತಾಗಿಸಿ ಕೊಯ್ಯಬೇಕು. ಕಾಯಿ ಕಟ್ಟಿದ್ದರೆ ಚೀಲಕ್ಕೆ ತುಂಬಬೇಕು, ಕೊಯ್ದು ಬಿಸಾಡಿದ ಕಾಂಡದಲ್ಲೂ ಬೀಜ ಬಲಿಯುತ್ತದೆ.

ಇನ್ನು ವಿಲೋ. ಕತ್ತರಿ, ಹಾರೆ, ಒಂದು ಬಕೆಟ್ಟು ಇದ್ದರೆ ಸಾಕು. ಆದರೆ ಯಾವ ವಿಲೋ ಅನ್ನುವುದರಲ್ಲೇ ಅರ್ಧ ಜನ ಎಡವುತ್ತಾರೆ. ರಸ್ತೆಬದಿಯಲ್ಲಿ ಸುಲಭಕ್ಕೆ ಕೈಗೆ ಸಿಗುವ ಬೆಬ್ ವಿಲೋದ ಕಡ್ಡಿ ಬೇರು ಬಿಡುವುದು ಅಪರೂಪ. ಬೇಕಾದದ್ದು ಫೆಲ್ಟ್‌ಲೀಫ್ ವಿಲೋ, ಸೇಲಿಕ್ಸ್ ಅಲಾಕ್ಸೆನ್ಸಿಸ್. ಬೇಸಿಗೆಯಲ್ಲಿ ಎಲೆಯ ಅಡಿ ಬಿಳಿ ಉಣ್ಣೆ ಅಂಟಿಸಿದಂತಿರುತ್ತದೆ. ಎಲೆ ಉದುರಿದ ಮೇಲೂ ಎಳೆ ರೆಂಬೆಯ ಮೇಲೆ ಆ ಉಣ್ಣೆ ಬೆರಳಿಗೆ ಸಿಗುತ್ತದೆ. ನದಿಯಂಚಿನ ಜಲ್ಲಿಯಲ್ಲಿ ಹುಡುಕಬೇಕು. ಇದರ ಕಾಂಡದೊಳಗೆ ಬೇರಿನ ಮೊಳಕೆ ಮೊದಲೇ ಸಿದ್ಧವಾಗಿರುತ್ತದೆ.

ತಲೆ ತಿನ್ನುವ ತೊಡಕು ಬೇರೆ ಇದೆ, ಅದು ಕ್ಯಾಲೆಂಡರಿನದು. ಕಡ್ಡಿ ಕೊಯ್ಯಬೇಕಾದದ್ದು ಗಿಡ ನಿದ್ದೆಯಲ್ಲಿರುವಾಗ, ನೆಡಬೇಕಾದದ್ದು ನೆಲ ಕರಗಿದ ಮೇಲೆ. ಇಲ್ಲಿ ಇವೆರಡೂ ಒಟ್ಟಿಗೆ ಕೂಡಿಬರುವುದೇ ಇಲ್ಲ. ಮೇ ನಡುವಿಗೆ ವಿಲೋ ಎಲೆ ಬಿಟ್ಟಾಗಿರುತ್ತದೆ, ನೆರಳಿನ ಇಳಿಜಾರಿಗೆ ಹಾರೆ ಹಾಕಿದರೆ ಗೇಣು ಆಳದಲ್ಲೇ ಠಣ್ ಎನ್ನುತ್ತದೆ. ಕಾದು, ಜೂನಿನಲ್ಲಿ ಎಲೆಯಿರುವ ಕಡ್ಡಿ ಕೊಯ್ದು ನೆಟ್ಟರೆ, ಬೇರಿಲ್ಲದ ಕಡ್ಡಿಯ ನೀರನ್ನೆಲ್ಲ ಎಲೆ ಹೀರಿ ವಾರದಲ್ಲಿ ಬಾಡುತ್ತದೆ.

ಹಾಗಾಗಿ ಏಪ್ರಿಲ್‌ನಲ್ಲೇ, ಹಿಮದ ಮೇಲೆ ನಿಂತು ಕೊಯ್ದು, ನೆಡುವವರೆಗೆ ಹೆಪ್ಪಿನಲ್ಲೇ ಇಡಬೇಕು. ಹೆಬ್ಬೆರಳ ದಪ್ಪ, 40 ಸೆಂಟಿಮೀಟರ್ ಉದ್ದ, ಎರಡು ಮೂರು ವರ್ಷದ ಕೊಂಬೆ ಒಳ್ಳೆಯದು. ತುದಿಯ ಕಡ್ಡಿ ಬಿಸಾಡಿ. ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿ. ತಿಂಗಳು ಕಳೆದ ಮೇಲೆ ಯಾವ ಕಡೆ ಮೇಲು ಎಂದು ಗೊತ್ತಾಗಲು ಇದೊಂದೇ ಗುರುತು, ತಲೆಕೆಳಗಾಗಿ ನೆಟ್ಟ ಕಡ್ಡಿ ದಂಡ. ಇಪ್ಪತ್ತೈದರ ಕಟ್ಟು ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಫ್ರೀಜರಿಗೆ. ಮನೆಯ ಫ್ರೀಜರು ತಾನೇ ಐಸ್ ಕರಗಿಸಿಕೊಳ್ಳುವ ಜಾತಿಯದಾದರೆ ಸುತ್ತುವುದರಲ್ಲಿ ಒಂದು ಸಣ್ಣ ತೂತು ಉಳಿದರೂ ಕೆಟ್ಟಿತು. ಅದು ಕಡ್ಡಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಉಗುರಲ್ಲಿ ತೊಗಟೆ ಕೆರೆದು ನೋಡಿ. ಕೆಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಒಲೆಗೆ. ಫ್ರೀಜರಿನಲ್ಲಿ ಮೀನು, ಮಾಂಸದ ಜೊತೆ ನೂರು ಕಡ್ಡಿಗೆ ಜಾಗ ಕೇಳುವುದು ಬೇರೆಯೇ ರಾಜಕೀಯ. ಹಿಮದ ಗುಡ್ಡೆಯಲ್ಲಿ ಹೂತು ಮೇಲೆ ಮರದ ಹೊಟ್ಟು ಹೊದಿಸಿದರೂ ನಡೆಯುತ್ತದೆ.

ನೆಲ ಕರಗಿದ ಮೇಲೆ ಎರಡು ಮೂರು ದಿನ ನೀರಲ್ಲಿ ನೆನೆಸಿ. ತೊಗಟೆಯ ಮೇಲೆ ಬಿಳಿ ಗುಳ್ಳೆ ಎದ್ದರೆ ಸರಿಯಾದ ಹೊತ್ತು. ಬೇರು ಉದ್ದವಾಗಿ ಹೊರಬಂದರೆ ನೆಡುವಾಗ ಮುರಿಯುತ್ತದೆ. ಹಾರೆಯಲ್ಲಿ ಮೊದಲು ತೂತು ಮಾಡಿ. ಕಡ್ಡಿಯನ್ನೇ ಗುದ್ದಿದರೆ ತೊಗಟೆ ಸುಲಿದು ಹೋಗುತ್ತದೆ. ಮುಕ್ಕಾಲು ಭಾಗ ನೆಲದಲ್ಲಿ, ಎರಡು ಮೂರು ಮೊಗ್ಗು ಮಾತ್ರ ಹೊರಗೆ, ಒಂದಕ್ಕೊಂದು ಮುಕ್ಕಾಲು ಮೀಟರ್ ದೂರ. ಬುಡದ ಸುತ್ತ ಹಿಮ್ಮಡಿಯಲ್ಲಿ ತುಳಿದು ಪೊಳ್ಳು ಮುಚ್ಚಿ. ಇಳಿಜಾರಿನ ಅಡಿಯಲ್ಲಿ, ತೇವ ನಿಲ್ಲುವ ಕಡೆ ಹಚ್ಚಿ. ದಕ್ಷಿಣಕ್ಕೆ ಮುಖ ಮಾಡಿದ ಒಣ ಜಲ್ಲಿಯಲ್ಲಿ ಇದೂ ಸೋಲುತ್ತದೆ.

ನಡುವಿನ ಜಾಗಕ್ಕೆ ಏನೂ ಬಿತ್ತಬೇಡಿ, ಗೊಬ್ಬರವೂ ಬೇಡ. ಇಳಿಜಾರಿಗೆ ಅಡ್ಡಲಾಗಿ ಬೆರಳುದ್ದ ಆಳದ ಗೀರು ಎಳೆಯಿರಿ, ಅಷ್ಟೇ. ದೊಡ್ಡ ಕೆಲಸದಲ್ಲಿ ಬುಲ್ಡೋಜರನ್ನು ಮೇಲೆ ಕೆಳಗೆ ಓಡಿಸಿ ಅದರ ಪಟ್ಟಿಯ ಅಚ್ಚಿನಲ್ಲೇ ಈ ಗೀರು ತೆಗೆಯುತ್ತಾರೆ. ಆಗಸ್ಟ್ ಕೊನೆಗೆ ಫೈರ್‌ವೀಡ್ ಎಂಬ ಕಾಡು ಹೂಗಿಡದ ಬೀಜ ಹತ್ತಿಯಂತೆ ತೇಲಿ ಬಂದು ಆ ಗೀರುಗಳಲ್ಲೇ ಸಿಕ್ಕಿಕೊಳ್ಳುತ್ತದೆ. ನಯವಾಗಿ ಸವರಿದ ಮಣ್ಣಿನಲ್ಲಿ ಜಾರಿ ಹೋಗುತ್ತದೆ. ಒಂದು ಗಿಡಕ್ಕೆ 80,000 ಬೀಜದವರೆಗೆ ಇದ್ದರೂ ಆಯಸ್ಸು ಬರೀ ಒಂದೂವರೆ ಎರಡು ವರ್ಷ. ಸ್ವೀಟ್‌ಕ್ಲೋವರಿನ ಹಾಗೆ ಮಣ್ಣಿನಲ್ಲಿ ಹೂತು ಕಾಯುವ ಜಾತಿಯಲ್ಲ. ಒಮ್ಮೆ ನೆಲೆಯಾದರೆ ಬೇರಿನಿಂದಲೇ ಅಕ್ಕಪಕ್ಕ ಹಬ್ಬುತ್ತದೆ.

ವಿಲೋ ನೆಡಬಾರದ ಜಾಗವೂ ಇದೆ. ಮೂಸ್ ಎಂಬ ಭಾರಿ ಜಿಂಕೆಗೆ ಇದು ಹಬ್ಬದೂಟ. ಡಾಂಬರಿನ ಪಕ್ಕದಲ್ಲೇ ಬೆಳೆಸಿದರೆ ಕತ್ತಲಲ್ಲಿ ಅರ್ಧ ಟನ್ ಪ್ರಾಣಿ ಕಾರಿನ ಮುಂದೆ ಬಂದು ನಿಲ್ಲುತ್ತದೆ. ಪೊದೆ ಹಿಮವನ್ನು ಹಿಡಿದಿಡುತ್ತದೆ, ಹಿಮ ಕಂಬಳಿಯಾಗಿ ನೆಲ ಬೆಚ್ಚಗಾಗುತ್ತದೆ, ಅಡಿಯಲ್ಲಿ ಸದಾ ಹೆಪ್ಪುಗಟ್ಟಿದ ನೆಲವಿದ್ದರೆ ಕರಗಿ ರಸ್ತೆ ಕುಸಿಯುತ್ತದೆ. ಆದ್ದರಿಂದ ಚರಂಡಿಯಾಚೆಯ ಇಳಿಜಾರಿಗೆ ಮಾತ್ರ, ಅದೂ ರಸ್ತೆಯವರ ಜಾಗವಾದರೆ ಅವರನ್ನು ಕೇಳಿ. ಚರಂಡಿಯ ಈಚೆ ಬದಿಗೆ ಆರ್ಕ್ಟರೆಡ್ ಸಾಕು.

ಡಾಂಬರಿನಂಚಿನ ಮೊದಲ ಮೀಟರಿಗೆ ದುಡ್ಡು ಹಾಕಬೇಡಿ. ಉಪ್ಪು, ದೂಳು, ಟೈರು ತಡೆಯುವ ಫಾಕ್ಸ್‌ಟೇಲ್ ಬಾರ್ಲಿ ಎಂಬ ಕಾಡು ಹುಲ್ಲು ಅಲ್ಲಿ ತಾನೇ ಬರುತ್ತದೆ. ಅದರ ಮುಳ್ಳು ಮೀಸೆ ನಾಯಿಯ ಮೂಗಿಗೆ ಹೊಕ್ಕರೆ ಹಿಂದಕ್ಕೆ ಬರುವುದಿಲ್ಲ, ನಾಯಿ ಇರುವವರು ತೆನೆ ಬಿಡುವ ಮೊದಲೇ ಕತ್ತರಿಸಬೇಕು.

ಒಂದೇ ಬೇಸಿಗೆಯಲ್ಲಿ ಹಸಿರು ಬೇಕು, ಕೈಯಲ್ಲಿ ದುಡ್ಡಿದೆ ಎನ್ನುವವರು ಚೀಲ ತನ್ನಿ, ತಪ್ಪೇನಿಲ್ಲ. ಪ್ರತಿವರ್ಷ ಯಂತ್ರ ಎತ್ತಿಕೊಂಡು ಸ್ವೀಟ್‌ಕ್ಲೋವರ್ ಸವರುವುದು ನನ್ನಿಂದಾಗದ ಕೆಲಸ, ವಿಲೋಗಾದರೆ ಏಪ್ರಿಲ್‌ನ ಒಂದು ದಿನ, ಜೂನಿನ ಎರಡು ದಿನ ಕೊಡಬಲ್ಲೆ. ನೆಟ್ಟವರು ಮೊದಲ ಬೇಸಿಗೆಯ ಎಲೆಯನ್ನು ನಂಬಬೇಡಿ. ಕಡ್ಡಿಯೊಳಗಿನ ಕೂಡಿಟ್ಟ ಸತ್ವದಿಂದಲೇ ಬೇರಿಲ್ಲದೆಯೂ ಚಿಗುರುತ್ತದೆ. ಎಷ್ಟು ಬದುಕಿವೆ ಎಂದು ಎಣಿಸುವುದು ಎರಡನೇ ವರ್ಷದ ಜೂನಿನಲ್ಲಿ, ಸತ್ತ ಜಾಗಕ್ಕೆ ನೆಡಲು ಆ ವರ್ಷದ ಏಪ್ರಿಲ್‌ನಲ್ಲೇ ಹತ್ತಿಪ್ಪತ್ತು ಕಡ್ಡಿ ಹೆಚ್ಚಿಗೆ ಕೊಯ್ದು ಫ್ರೀಜರಿನಲ್ಲಿಟ್ಟಿರಿ.